1855ರಿಂದ ಹಿಂದಕ್ಕೆ: ಸ್ಕಾಟ್ಲೆಂಡಿನ ಹಿರಿಯರನ್ನು ಹುಡುಕುವುದು ಹೇಗೆ

ಹುಡುಕೋಕೆ ಕೂರುವ ಮುಂಚೆ ಒಂದು ಇಸವಿ ನೆನಪಿಟ್ಟುಕೊಳ್ಳಿ: 1855. ಸ್ಕಾಟ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರ ಬರೆದಿಡಲು ಶುರು ಮಾಡಿದ್ದು ಆ ವರ್ಷದ ಜನವರಿ 1ರಿಂದ. ಅದಕ್ಕೂ ಹಿಂದಿನದು ಹೆಚ್ಚಾಗಿ ಚರ್ಚಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು) ಪುಸ್ತಕಗಳಲ್ಲಿದೆ. ಅವುಗಳಲ್ಲಿ ಅತಿ ಹಳೆಯದು ಪರ್ತ್‌ಶೈರಿನ ಎರಲ್ ಊರಿನದು, 1553ರದು.

ನನ್ನ ಅತ್ತೆಯ ತವರಿನವರು ಡನ್‌ಫರ್ಮ್‌ಲಿನ್‌ನ ನೇಕಾರರು. ಮಕ್ಕಳಿಗೆ ಎರಡೂ ಕಡೆಯ ಹಿರಿಯರು ಗೊತ್ತಿರಲಿ ಅಂತ ಆ ಕಡೆಯದನ್ನು ನಾನೇ ಕೈಗೆತ್ತಿಕೊಂಡೆ. ಹೊಸಬರಿಗೆ ನಾನು ಮೊದಲು ಹೇಳುವುದು ಇದು: ನೇರವಾಗಿ ಪ್ಯಾರಿಷ್ ಪುಸ್ತಕಕ್ಕೆ ಕೈ ಹಾಕಬೇಡಿ. ಮೊದಲು 1855ರ ನಂತರ ತೀರಿಕೊಂಡ ಅಜ್ಜ ಅಜ್ಜಿಯರ ಸಾವಿನ ದಾಖಲೆ ಹುಡುಕಿ. ಅದರಲ್ಲಿ ಸತ್ತವರ ತಂದೆ ತಾಯಿ ಇಬ್ಬರ ಹೆಸರೂ ಇರುತ್ತದೆ, ತಾಯಿಯದು ತವರಿನ ಹೆಸರಿನ ಸಮೇತ. ಎಂಬತ್ತು ವರ್ಷ ಬದುಕಿ 1858ರಲ್ಲಿ ಸತ್ತ ಅಜ್ಜಿಯೊಬ್ಬರ ದಾಖಲೆ ನಿಮ್ಮನ್ನು ಒಂದೇ ಏಟಿಗೆ 1770ರ ದಶಕಕ್ಕೆ ಒಯ್ಯುತ್ತದೆ. ಆದರೆ ಮಾಹಿತಿ ಕೊಟ್ಟವರು ಯಾರು ಅಂತಲೂ ನೋಡಿ. ಮಗ ಹೇಳಿದ್ದಕ್ಕೂ ಪಕ್ಕದ ಮನೆಯವರು ಹೇಳಿದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಈಗ ಈ ಹಳೆಯ ದಾಖಲೆಗಳಿಗಾಗಿ ಸ್ಕಾಟ್ಲೆಂಡ್ ಸರ್ಕಾರದ್ದೇ ಆದ ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣಕ್ಕೆ ಹೋಗಿ. ಹೆಸರು ಹುಡುಕುವುದು ಉಚಿತ, ಪುಟದ ಚಿತ್ರ ನೋಡಲು ಕ್ರೆಡಿಟ್ ಕೊಳ್ಳಬೇಕು. ಆ ದುಡ್ಡಿಗೆ ಹಿಂದೆ ಮುಂದೆ ನೋಡಬೇಡಿ. ಪಟ್ಟಿಯಲ್ಲಿ ಬರೀ ಹೆಸರು, ತಾರೀಖು ಇರುತ್ತದೆ. ಪುಟದಲ್ಲಿ ಸಂಸಾರವೇ ಇರುತ್ತದೆ. ಒಂದು ಒಳ್ಳೆಯ ನಮೂದು ಹೀಗಿರುತ್ತದೆ: ಇಂಥ ಓಣಿಯ ನೇಕಾರ ಜಾನ್, ಅವನ ಹೆಂಡತಿ ಮಾರ್ಗರೆಟ್, 3ರಂದು ಹುಟ್ಟಿ 10ರಂದು ದೀಕ್ಷಾಸ್ನಾನವಾದ ಮಗಳು ಜಾನೆಟ್, ಆಮೇಲೆ ಇಬ್ಬರು ಸಾಕ್ಷಿಗಳು. ಆ ಸಾಕ್ಷಿಗಳನ್ನು ಬಿಡಬೇಡಿ. ಎಷ್ಟೋ ಸಲ ಅವರು ಮಗುವಿನ ಅಜ್ಜ ಅಥವಾ ಸೋದರಮಾವ.

ಒಂದೇ ಪ್ಯಾರಿಷ್‌ನಲ್ಲಿ ಮೂವರು ಜಾನ್‌ಗಳು ಸಿಕ್ಕರೆ? ಹೆಂಡತಿಯ ಹೆಸರು ನೋಡಿ. ಅಲ್ಲಿ ಹೆಂಗಸರು ಮದುವೆಯಾದ ಮೇಲೂ ದಾಖಲೆಗಳಲ್ಲಿ ತವರಿನ ಹೆಸರಲ್ಲೇ ಇರುತ್ತಾರೆ. ನಾನು ಜಾಸ್ತಿ ನಂಬುವುದು ಈ ಎಳೆಯನ್ನೇ. ಮಕ್ಕಳ ಹೆಸರೂ ನೆರವಿಗೆ ಬರುತ್ತವೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮಗೆ ಇದು ಬೇಗ ಹಿಡಿತಕ್ಕೆ ಬರುತ್ತದೆ. ಆದರೆ ಎಲ್ಲ ಮನೆಗಳಲ್ಲೂ ಹೀಗೇ ಇಡುತ್ತಿರಲಿಲ್ಲ, ಇದನ್ನೊಂದೇ ಪುರಾವೆ ಮಾಡಿಕೊಳ್ಳಬೇಡಿ. ಜಾನೆಟ್ ಬೇರೆ ಕಡೆ ಜೆಸ್ಸಿ ಆಗಿರಬಹುದು, ಪ್ಯಾಟ್ರಿಕ್ ಪೀಟರ್ ಆಗಿರಬಹುದು.

ಮದುವೆಯ ಪುಸ್ತಕದಲ್ಲಿ ಸಿಗುವುದು ಹೆಚ್ಚಾಗಿ ಮದುವೆಗೆ ಮುಂಚೆ ಚರ್ಚಿನಲ್ಲಿ ಮಾಡಿದ ಘೋಷಣೆ. ಗಂಡು ಹೆಣ್ಣು ಬೇರೆ ಬೇರೆ ಪ್ಯಾರಿಷ್‌ನವರಾದರೆ ಎರಡೂ ಕಡೆ ನೋಡಿ, ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತದೆ. ಸಾವಿನ ನಮೂದು ಕಡಿಮೆ. ಎಷ್ಟೋ ಕಡೆ ಹೆಣದ ಮೇಲೆ ಹೊದಿಸುವ ಬಟ್ಟೆಗೆ ಕೊಟ್ಟ ಬಾಡಿಗೆಯ ಲೆಕ್ಕ ಅಷ್ಟೇ.

ಏನೂ ಸಿಗದಿದ್ದರೆ ಕೈಬಿಡಬೇಡಿ, ಕಾರಣ ಹುಡುಕಿ. 1783ರಿಂದ 1794ರವರೆಗೆ ಪ್ರತಿ ನಮೂದಿಗೂ 3 ಪೆನ್ನಿ ತೆರಿಗೆ ಇತ್ತು, ಎಷ್ಟೋ ಜನ ಬರೆಸದೇ ಸುಮ್ಮನಾದರು. 1843ರಲ್ಲಿ ಚರ್ಚ್ ಒಡೆದು ಬಹಳ ಜನ ಫ್ರೀ ಚರ್ಚಿಗೆ ಹೋದರು, ಅವರ ಪುಸ್ತಕಗಳು ಬೇರೆ.

ಆಗ ಕರ್ಕ್ ಸೆಷನ್ ಕಡತಗಳಿಗೆ ಹೋಗಿ. ಊರಿನ ಚರ್ಚ್ ಹಿರಿಯರು ನ್ಯಾಯ ಪಂಚಾಯ್ತಿ ನಡೆಸಿದ ಟಿಪ್ಪಣಿಗಳು ಅವು. ಹಾಳೆ ಹಾಳೆ ತಿರುವಬೇಕು, ಕೈಬರಹವೂ ಕಷ್ಟ. ಮದುವೆಯಾಗದೆ ಬಸುರಾದ ಹುಡುಗಿಯನ್ನು ಕರೆಸಿ ತಂದೆ ಯಾರೆಂದು ಕೇಳಿದ್ದು ಅಲ್ಲಿ ಬರೆದಿರುತ್ತದೆ. ಓದುವಾಗ ಹೊಟ್ಟೆ ಕಿವುಚಿದಂತಾಗುತ್ತದೆ. ಆದರೆ ದೀಕ್ಷಾಸ್ನಾನದ ಪುಸ್ತಕದಲ್ಲಿ ಇಲ್ಲದ ತಂದೆಯ ಹೆಸರು ಸಿಗುವುದು ಅಲ್ಲೇ.

ನಿಮ್ಮ ಹಿರಿಯರು ಬೆಂಗಳೂರು, ಮೈಸೂರು ಕಡೆಗೆ ಬಂದ ಸ್ಕಾಟ್ ಸೈನಿಕರೋ ಕಾಫಿ ತೋಟದವರೋ ಆಗಿದ್ದರೆ ಹುಡುಕಾಟ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಿಂದ ಶುರುವಾಗಲಿ. ಮದ್ರಾಸ್ ಕಡೆಯ ಚರ್ಚ್ ನಮೂದುಗಳು ಎನ್/2 ಸರಣಿಯಲ್ಲಿವೆ. ಅಲ್ಲಿನ ಮದುವೆ ನಮೂದಿನಲ್ಲಿ ವರನ ತಂದೆಯ ಹೆಸರು ಸಿಕ್ಕರೆ, ಅದನ್ನು ಹಿಡಿದುಕೊಂಡು ಸ್ಕಾಟ್ಲೆಂಡಿನ ಪ್ಯಾರಿಷ್‌ಗಳಲ್ಲಿ ಹುಡುಕಬಹುದು.