ಹೈಬ್ರಿಡ್ ಕಾರನ್ನು ಅರಿತು ಓಡಿಸುವ ಬಗೆ

ಹೈಬ್ರಿಡ್ ಎಂಬ ಒಂದೇ ಹೆಸರಿನಡಿ ನಮ್ಮ ಷೋರೂಮುಗಳಲ್ಲಿ ಎರಡು ಬಗೆಯ ಕಾರುಗಳು ಮಾರಾಟವಾಗುತ್ತಿವೆ. ಇವುಗಳ ನಡುವಿನ ವ್ಯತ್ಯಾಸವನ್ನು ಹಣ ಕಟ್ಟುವ ಮೊದಲೇ ಅರಿತಿರಬೇಕು. 2015ರಲ್ಲಿ ಮಾರುತಿಯ ಸಿಯಾಜ್ ಡೀಸೆಲ್‌ನೊಂದಿಗೆ ಬಂದ ಮೈಲ್ಡ್ ಹೈಬ್ರಿಡ್‌ನಲ್ಲಿ ಬೆಲ್ಟಿನ ಮೂಲಕ ಎಂಜಿನ್ನಿಗೆ ಸಣ್ಣದೊಂದು ಆಸರೆ ಸಿಗುತ್ತದೆಯೇ ಹೊರತು ಕಾರು ವಿದ್ಯುತ್ತಿನಿಂದಲೇ ಓಡುವುದಿಲ್ಲ. ಟೊಯೊಟಾದ ಬಿಡದಿ ಕಾರ್ಖಾನೆಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್, ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾಗಳಲ್ಲಿ ಸಿಗುವ ಸ್ಟ್ರಾಂಗ್ ಹೈಬ್ರಿಡ್ ಬೇರೆಯೇ ಜಾತಿ. ಒಂದೇ ಮಾದರಿಯಲ್ಲಿ ಎರಡೂ ಬಗೆಗಳು ದೊರೆಯುವುದರಿಂದ, ‘ಎಂಜಿನ್ ನಿಂತಿರುವಾಗ ಈ ಕಾರು ಮುಂದೆ ಸಾಗುತ್ತದೆಯೇ’ ಎಂಬ ಒಂದೇ ಪ್ರಶ್ನೆಯನ್ನು ಮಾರಾಟಗಾರರಿಗೆ ಕೇಳಿದರೆ ಸಾಕು. ಈ ಬರಹ ‘ಸಾಗುತ್ತದೆ’ ಎಂಬ ಉತ್ತರ ಪಡೆದ ಕಾರುಗಳಿಗೆ ಸಂಬಂಧಿಸಿದ್ದು.

ಟೊಯೊಟಾ ಪದ್ಧತಿಯ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಒಂದು ಪೆಟ್ರೋಲ್ ಎಂಜಿನ್ ಮತ್ತು ಎರಡು ವಿದ್ಯುತ್ ಮೋಟಾರುಗಳು ಒಂದೇ ಹಲ್ಲುಚಕ್ರಗಳ ಗುಂಪಿಗೆ ಕೂಡಿಕೊಂಡಿರುತ್ತವೆ. ಒಂದು ಮೋಟಾರು ಮುಖ್ಯವಾಗಿ ಚಕ್ರಗಳನ್ನು ಎಳೆದರೆ, ಇನ್ನೊಂದು ಎಂಜಿನ್ನನ್ನು ಎಬ್ಬಿಸುವ ಮತ್ತು ಅದರಿಂದ ವಿದ್ಯುತ್ ಉತ್ಪಾದಿಸುವ ಕೆಲಸ ಮಾಡುತ್ತದೆ. ಹೀಗಾಗಿ ಬೇರೆಯಾಗಿ ಸ್ಟಾರ್ಟರ್ ಮೋಟಾರು, ಆಲ್ಟರ್ನೇಟರ್, ಕ್ಲಚ್ ಯಾವುದೂ ಇರುವುದಿಲ್ಲ. ಇದರ ಗೇರ್‌ಬಾಕ್ಸನ್ನು ಇ-ಸಿವಿಟಿ ಎಂದು ಕರೆದರೂ, ಸಾಮಾನ್ಯ ಸಿವಿಟಿಯ (ಹಂತಗಳಿಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ) ಬೆಲ್ಟು ಇದರೊಳಗಿಲ್ಲ. ಹೈರೈಡರ್‌ನ ಹೈಬ್ರಿಡ್ ಬ್ಯಾಟರಿಯ ಸಾಮರ್ಥ್ಯ 0.76 ಕಿಲೋವ್ಯಾಟ್ ಅವರ್, ಅಂದರೆ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್. 2020ರಲ್ಲಿ ಬಂದ ಟಾಟಾದ ಪೂರ್ಣ ವಿದ್ಯುತ್ ಕಾರು, ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್ ಹಿಡಿಯುತ್ತಿತ್ತು ಎಂಬುದನ್ನು ನೆನೆದರೆ, ಹೈಬ್ರಿಡ್ ಕಾರನ್ನು ಪ್ಲಗ್ಗಿಗೆ ಏಕೆ ಸಿಕ್ಕಿಸುವುದಿಲ್ಲ ಮತ್ತು ಬರೀ ಬ್ಯಾಟರಿಯ ಮೇಲೆ ಬಹುದೂರ ಏಕೆ ಹೋಗಲಾಗುವುದಿಲ್ಲ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಇದು ಶಕ್ತಿಯನ್ನು ಕೂಡಿಡುವ ಕಣಜವಲ್ಲ, ಬಂದದ್ದನ್ನು ಆಗಿಂದಾಗ್ಗೆ ಖರ್ಚು ಮಾಡುವ ಕೈಚೀಲ.

ಬ್ರೇಕ್ ಒತ್ತಿ ಪವರ್ ಗುಂಡಿಯನ್ನು ಒತ್ತಿದಾಗ ಯಾವ ಸದ್ದೂ ಬಾರದಿದ್ದರೆ ಗಾಬರಿಯಾಗಬೇಕಿಲ್ಲ. ಫಲಕದಲ್ಲಿ ‘ರೆಡಿ’ ಎಂಬ ದೀಪ ಹೊತ್ತಿದ್ದರೆ ಕಾರು ಹೊರಡಲು ಸಿದ್ಧವಾಗಿದೆ ಎಂದರ್ಥ. ಅದಾದ ಮೇಲೆ ಎಂಜಿನ್ ಯಾವಾಗ ಏಳಬೇಕೆಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ: ಎಂಜಿನ್ ತಣ್ಣಗಿದ್ದರೆ, ಬ್ಯಾಟರಿಯ ಮಟ್ಟ ಇಳಿದಿದ್ದರೆ, ಎಸಿ ಬಹಳ ಹೊತ್ತು ಓಡಿದ್ದರೆ ಅಥವಾ ನೀವು ಪೆಡಲನ್ನು ಬಲವಾಗಿ ತುಳಿದರೆ ಅದು ಏಳುತ್ತದೆ. ಬರೀ ವಿದ್ಯುತ್ತಿನಲ್ಲಿ ಓಡಿಸಲು ಇರುವ ಇವಿ ಗುಂಡಿಯನ್ನು ಒತ್ತಿದ್ದರೂ ಈ ಕಾರಣಗಳು ಅದನ್ನು ಮೀರುತ್ತವೆ. ಇದರಲ್ಲೊಂದು ಅಪಾಯವೂ ಇದೆ: ಸದ್ದಿಲ್ಲವೆಂದು ಕಾರನ್ನು ರೆಡಿ ಸ್ಥಿತಿಯಲ್ಲೇ ಬಿಟ್ಟು, ಮುಚ್ಚಿದ ಗ್ಯಾರೇಜಿನಿಂದ ಮನೆಯೊಳಗೆ ಹೋದರೆ, ಎಂಜಿನ್ ತಾನಾಗಿಯೇ ಎದ್ದು ಅಲ್ಲಿ ವಿಷಾನಿಲ ತುಂಬಬಹುದು. ಇಳಿಯುವ ಮುನ್ನ ಆ ದೀಪ ಆರಿದೆಯೇ ಎಂದು ನೋಡುವ ಅಭ್ಯಾಸ ಮನೆಮಂದಿಗೆಲ್ಲ ಇರಲಿ.

ಫಲಕದಲ್ಲಿ ಆರ್‌ಪಿಎಂ ಮುಳ್ಳಿನ ಜಾಗದಲ್ಲಿ ಚಾರ್ಜ್, ಇಕೋ, ಪವರ್ ಎಂಬ ಮೂರು ಭಾಗಗಳ ಗೇಜು ಇರುತ್ತದೆ. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಎಂಜಿನ್ ಏಳಬಾರದೆಂದು ಎತ್ತಿನ ಗಾಡಿಯ ವೇಗದಲ್ಲಿ ಹೊರಡುವುದು. ಹಾಗೆ ಬ್ಯಾಟರಿಯನ್ನು ಬರಿದು ಮಾಡಿದರೆ ಅದನ್ನು ಮರಳಿ ತುಂಬಿಸಲು ಪೆಟ್ರೋಲನ್ನೇ ಸುಡಬೇಕಾಗುತ್ತದೆ. ಅದರ ಬದಲು ಎಂಜಿನ್ನಿನ ನೆರವಿನಿಂದ ಹದವಾಗಿ ವೇಗ ಪಡೆದು, ಬಳಿಕ ಕಾಲನ್ನು ಸ್ವಲ್ಪ ಸಡಿಲಿಸಿದರೆ ಎಂಜಿನ್ ಮಲಗಿ ಮೋಟಾರು ಕಾರನ್ನು ಸಾಗಿಸಿಕೊಂಡು ಹೋಗುತ್ತದೆ. ಮುಂದೆ ಕೆಂಪು ದೀಪ ಕಂಡ ಕೂಡಲೇ ಪೆಡಲ್ ಬಿಟ್ಟು, ಬ್ರೇಕನ್ನು ದೂರದಿಂದಲೇ ಮೆಲ್ಲಗೆ ಒತ್ತುತ್ತಾ ಬಂದರೆ ಚಲನೆಯ ಶಕ್ತಿಯ ಬಹುಭಾಗ ವಿದ್ಯುತ್ತಾಗಿ ಮರಳುತ್ತದೆ. ಕೊನೆಯ ಗಳಿಗೆಯಲ್ಲಿ ತುಳಿದರೆ ಅದು ಬ್ರೇಕ್ ಪ್ಯಾಡುಗಳಲ್ಲಿ ಶಾಖವಾಗಿ ಹೋಗುತ್ತದೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕುವ ಹಳೆಯ ರೂಢಿಯನ್ನು ಬಿಡಬೇಕು, ಏಕೆಂದರೆ ನ್ಯೂಟ್ರಲ್‌ನಲ್ಲಿ ಹೈಬ್ರಿಡ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ.

ಘಟ್ಟ ಇಳಿಯುವಾಗ ಈ ಕಾರು ಹಲವರನ್ನು ಹೆದರಿಸುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ತಿರುವುಗಳಲ್ಲಿ ಇಳಿಯುತ್ತಿರುವಾಗ, ಕಾಲು ಪೆಡಲ್ ಮೇಲೆ ಇಲ್ಲದಿದ್ದರೂ ಎಂಜಿನ್ ಒಮ್ಮೆಲೇ ಜೋರಾಗಿ ಕೂಗತೊಡಗುತ್ತದೆ. ಲೆಕ್ಕ ಸರಳವಾಗಿದೆ: ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು ಎರಡು ಯೂನಿಟ್ ಶಕ್ತಿ ಹೊರಬರುತ್ತದೆ, ಬ್ಯಾಟರಿಯಲ್ಲಿರುವುದೋ ಮುಕ್ಕಾಲು ಯೂನಿಟ್ ಜಾಗ, ಅದೂ ಮೊದಲೇ ಅರ್ಧ ತುಂಬಿರುತ್ತದೆ. ತುಂಬಿದ ಬ್ಯಾಟರಿ ಇನ್ನು ಹಿಡಿಯಲಾರದ ಶಕ್ತಿಯನ್ನು ಕರಗಿಸಲು ಮೋಟಾರು ಎಂಜಿನ್ನನ್ನು ಪೆಟ್ರೋಲಿಲ್ಲದೆ ಸುಮ್ಮನೆ ತಿರುಗಿಸುತ್ತದೆ. ಕೇಳುವ ಸದ್ದು ಅದರದು. ಇಂತಹ ಉದ್ದ ಇಳಿಜಾರಿನಲ್ಲಿ ಗೇರನ್ನು ‘ಬಿ’ಗೆ ಇಟ್ಟರೆ ಎಂಜಿನ್ನಿನ ತಡೆ ಮೊದಲಿನಿಂದಲೇ ದೊರೆತು ಬ್ರೇಕುಗಳು ಕಾಯುವುದು ತಪ್ಪುತ್ತದೆ. ಸಪಾಟು ರಸ್ತೆಗೆ ಬಂದೊಡನೆ ಮರಳಿ ‘ಡಿ’ಗೆ ಹಾಕಬೇಕು.

ಹೈರೈಡರ್‌ಗೆ ಅಧಿಕೃತವಾಗಿ ಹೇಳಿರುವ ಮೈಲೇಜು ಲೀಟರಿಗೆ 27.97 ಕಿಲೋಮೀಟರ್, ಹೈಕ್ರಾಸ್‌ಗೆ 23.24. ಇವು ಪ್ರಯೋಗಶಾಲೆಯ ಅಂಕಿಗಳು. ನಿಂತು ಹೊರಡುವ ಊರಿನ ಸಂಚಾರದಲ್ಲಿ ಹೈಬ್ರಿಡ್‌ನ ಲಾಭ ಹೆಚ್ಚು. ಹೆದ್ದಾರಿಯಲ್ಲಿ ಒಂದೇ ಸಮನೆ ನೂರರ ವೇಗದಲ್ಲಿ ಹೋಗುವವರಿಗೆ ಅದು ಕುಗ್ಗುತ್ತದೆ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರು ಹೆಚ್ಚುವರಿ ಬೆಲೆ ಕೊಟ್ಟು ಇದನ್ನು ಕೊಳ್ಳುವುದು ನನ್ನ ಮಟ್ಟಿಗೆ ಲೆಕ್ಕಕ್ಕೆ ಹೊಂದುವ ಮಾತಲ್ಲ.

ಕಾರಿನಲ್ಲಿ 12 ವೋಲ್ಟಿನ ಸಾಮಾನ್ಯ ಬ್ಯಾಟರಿಯೂ ಇರುತ್ತದೆ. ಎಂಜಿನ್ನನ್ನು ಎಬ್ಬಿಸುವುದು ದೊಡ್ಡ ಬ್ಯಾಟರಿಯಾದರೂ, ಕಂಪ್ಯೂಟರುಗಳನ್ನು ಎಬ್ಬಿಸುವುದು ಈ ಚಿಕ್ಕದು. ಇದು ಇಳಿದುಹೋದರೆ ದೊಡ್ಡದು ತುಂಬಿದ್ದೂ ಪ್ರಯೋಜನವಿಲ್ಲ, ತಳ್ಳಿ ಸ್ಟಾರ್ಟ್ ಮಾಡುವುದಂತೂ ಸಾಧ್ಯವೇ ಇಲ್ಲ. ಕಾರು ವಾರಗಟ್ಟಲೆ ನಿಲ್ಲುವುದಾದರೆ, ಬಯಲಿನಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ರೆಡಿ ಸ್ಥಿತಿಯಲ್ಲಿಡಿ, ಇಲ್ಲವೇ ಒಂದು ಸುತ್ತು ಓಡಿಸಿ ಬನ್ನಿ. ಗಾಳಿಯಿಂದ ತಂಪಾಗುವ ಹೈಬ್ರಿಡ್ ಬ್ಯಾಟರಿಗಳು ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಆ ಗಾಳಿಕಿಂಡಿ ಎಲ್ಲಿದೆಯೆಂದು ಕೈಪಿಡಿಯಲ್ಲಿ ಹುಡುಕಿ, ಅದರ ಮೇಲೆ ಚೀಲ, ಹೊದಿಕೆ ಬೀಳದಂತೆ ನೋಡಿಕೊಂಡು, ಫಿಲ್ಟರನ್ನು ಸರ್ವೀಸಿನಲ್ಲಿ ಸ್ವಚ್ಛ ಮಾಡಿಸಬೇಕು. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಅಧಿಕ ವೋಲ್ಟೇಜ್ ಹರಿಯುವುದರಿಂದ ಬೀದಿಬದಿಯ ಮೆಕ್ಯಾನಿಕ್ ಆಗಲಿ, ಹೊರಗಿನ ಲೈಟು ಜೋಡಿಸುವವರಾಗಲಿ ಅವನ್ನು ಮುಟ್ಟಕೂಡದು. ಕಾರು ಕೆಟ್ಟು ನಿಂತರೆ ಮುಂಚಕ್ರಗಳು ನೆಲದ ಮೇಲೆ ಉರುಳುವಂತೆ ಎಳೆಸದೆ, ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ, ಏಕೆಂದರೆ ಚಕ್ರ ತಿರುಗಿದಂತೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟುತ್ತದೆ.

ಟೊಯೊಟಾ ಇಲ್ಲಿ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ ನೀಡುತ್ತದೆ. ಹಳೆಯ ಹೈಬ್ರಿಡ್ ಕಾರನ್ನು ಕೊಳ್ಳುವವರು ಓಡೋಮೀಟರಿಗಿಂತ ಮೊದಲು ಆ ಅವಧಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿ, ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಬ್ಯಾಟರಿಯ ತಪಾಸಣೆ ಮಾಡಿಸಿ, ಅದರ ವರದಿ ಕೈಗೆ ಬಂದ ಮೇಲೆಯೇ ಮುಂಗಡ ಕೊಡುವುದು ಒಳಿತು.