ನೀರು ಕುದಿಯತೊಡಗಿದ ಮೇಲೆ ಉರಿ ತಗ್ಗಿಸಿ

ಒಲೆಯ ಮೇಲಿನ ನೀರು ಕೊತಕೊತ ಕುದಿಯತೊಡಗಿದ ಕೂಡಲೇ ಉರಿ ತಗ್ಗಿಸಬೇಕೆಂದು ಮನೆಯ ಕಿರಿಯರಿಗೆ ನಾನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಉರಿ ಎಷ್ಟೇ ಜೋರಾಗಿದ್ದರೂ ತೆರೆದ ಪಾತ್ರೆಯ ನೀರು, ಸಮುದ್ರಮಟ್ಟದಲ್ಲಿ, 100 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗುವುದಿಲ್ಲ. ಆಮೇಲೆ ಕೊಟ್ಟ ಉಷ್ಣವೆಲ್ಲ ನೀರನ್ನು ಆವಿಯಾಗಿಸುವುದಕ್ಕೇ ಹೋಗುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಸುಮಾರು 314 ಕಿಲೋಜೂಲ್ ಶಕ್ತಿ ಸಾಕಾದರೆ, ಅದೇ ನೀರು ಪೂರ್ತಿ ಆವಿಯಾಗಿ ಹೋಗಲು ಸುಮಾರು 2,250 ಕಿಲೋಜೂಲ್, ಅಂದರೆ ಏಳು ಪಟ್ಟಿನಷ್ಟು ಬೇಕು. ಗುಪ್ತೋಷ್ಣವೆಂದು ಕರೆಯುವ ಈ ಉಷ್ಣ ನಾಶವಾಗುವುದಿಲ್ಲ, ಆವಿಯೊಡನೆ ಪಾತ್ರೆಯಿಂದ ಹೊರಟುಹೋಗುತ್ತದೆ, ಅಷ್ಟೆ. ಆದ್ದರಿಂದ ಪಾತ್ರೆಗೆ ಮುಚ್ಚಳವಿರಲಿ. ತೆಗೆಯುವಾಗ ಮಾತ್ರ ಮುಚ್ಚಳದ ಆಚೆಯ ಅಂಚನ್ನು ಮೊದಲು ಎತ್ತಿ, ಆವಿ ನಿಮ್ಮಿಂದ ದೂರಕ್ಕೆ ಹೋಗುವಂತೆ ನೋಡಿಕೊಳ್ಳಿ. ಕೈಗೆ ತಾಗಿದ ಆವಿ ಮತ್ತೆ ನೀರಾಗುವಾಗ ತನ್ನ ಗುಪ್ತೋಷ್ಣವನ್ನೆಲ್ಲ ಚರ್ಮಕ್ಕೇ ಕೊಡುವುದರಿಂದ, ಅದರ ಸುಟ್ಟಗಾಯ ಅಷ್ಟೇ ಬಿಸಿಯ ನೀರಿನ ಗಾಯಕ್ಕಿಂತ ತೀವ್ರವಾಗಿರುತ್ತದೆ.

ವಿದ್ಯುತ್ ಉಳಿಸಬೇಕೆನ್ನುವವರು ಮೊದಲು ಬಿಸಿನೀರಿನ ಕಡೆ ಗಮನ ಕೊಡಲಿ. ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಸಾವಿರ ಲೀಟರ್ ನೀರನ್ನು 10 ಮೀಟರ್ ಎತ್ತರದ ತೊಟ್ಟಿಗೆ ಏರಿಸಲು ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 98 ಕಿಲೋಜೂಲ್ ಮಾತ್ರ. ಪಂಪಿನಲ್ಲಿ ಪೋಲಾಗುವುದನ್ನು ಸೇರಿಸಿದರೂ, ಒಂದೆರಡು ಲೀಟರ್ ನೀರು ಕುದಿಸುವ ಖರ್ಚನ್ನು ಅದು ಮೀರುವುದು ಅಪರೂಪ. ನನ್ನ ಅಭಿಪ್ರಾಯದಲ್ಲಿ ದೀಪ ಆರಿಸುವುದಕ್ಕಿಂತಲೂ ಗೀಸರಿನ ತಾಪಮಾನವನ್ನು ಒಂದಿಷ್ಟು ಇಳಿಸಿಡುವುದೇ ಹೆಚ್ಚು ಫಲಕಾರಿ.

ಇಂಧನದ ವಿಷಯಕ್ಕೆ ಬಂದರೆ, ಅಣುಗಳ ಬಂಧ ಮುರಿದಾಗ ಶಕ್ತಿ ಹೊರಬರುತ್ತದೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಬಂಧ ಮುರಿಯಲು ಶಕ್ತಿಯನ್ನು ಕೊಡಬೇಕಾಗುತ್ತದೆ, ಹೊತ್ತಿಸಲು ಕಡ್ಡಿ ಗೀರಬೇಕಾಗಿರುವುದೂ ಅದಕ್ಕೇ. ಇಂಗಾಲ ಮತ್ತು ಜಲಜನಕ ಆಮ್ಲಜನಕದೊಡನೆ ಹೊಸ ಬಂಧಗಳನ್ನು ಏರ್ಪಡಿಸಿಕೊಳ್ಳುವಾಗ ಕೊಟ್ಟದ್ದಕ್ಕಿಂತ ಬಹಳ ಹೆಚ್ಚು ಶಕ್ತಿ ಬಿಡುಗಡೆಯಾಗುತ್ತದೆ. ಗ್ಯಾಸ್ ಒಲೆಯ ಜ್ವಾಲೆ ನೀಲಿ ಬಿಟ್ಟು ಹಳದಿಗೆ ತಿರುಗಿ ಪಾತ್ರೆಯ ತಳ ಮಸಿ ಹಿಡಿಯುತ್ತಿದೆಯೆಂದರೆ ದಹನ ಅಪೂರ್ಣವಾಗಿದೆ, ಇಂಗಾಲ ಪೂರ್ತಿ ಉರಿಯದೆ ತನ್ನ ರಾಸಾಯನಿಕ ಶಕ್ತಿಯನ್ನು ಉಳಿಸಿಕೊಂಡೇ ಹೊರಬೀಳುತ್ತಿದೆ ಎಂದರ್ಥ. ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡ್ ಕೂಡ ಇಂತಹ ಉರಿಯಿಂದಲೇ ಹುಟ್ಟುವುದರಿಂದ, ಒಲೆಯನ್ನು ಆರಿಸಿ, ತಣಿದ ಬರ್ನರಿನ ರಂಧ್ರಗಳನ್ನು ಸ್ವಚ್ಛಗೊಳಿಸಿ, ಕಿಟಕಿ ತೆರೆದಿಡಿ. ಆಮೇಲೂ ಜ್ವಾಲೆ ನೀಲಿಯಾಗದಿದ್ದರೆ ತಿಳಿದವರಿಂದ ರಿಪೇರಿ ಮಾಡಿಸದೆ ಆ ಒಲೆಯನ್ನು ಬಳಸಬೇಡಿ.

ಬೆಂಕಿಯೇ ಇಲ್ಲದೆ ಶಾಖ ಹುಟ್ಟುವುದೂ ಉಂಟು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಅದು ಭುಸುಗುಡುತ್ತ ಕುದಿದು ಸಿಡಿಯುತ್ತದೆ. ಹಾಗಾಗಿ ಲೋಹದ ಬಕೆಟ್ಟಿನಲ್ಲಿ ಧಾರಾಳವಾಗಿ ನೀರು ತುಂಬಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸುಣ್ಣವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು.