ಸಿಗ್ನಲ್ ಫುಲ್, ನೆಟ್ ಮಾತ್ರ ಕಟ್: ವೈಫೈ ತೊಂದರೆ ಹುಡುಕುವುದು ಹೇಗೆ?

ಫೋನಿನಲ್ಲಿ ವೈಫೈ ಸಿಗ್ನಲ್ ಫುಲ್ ಇರುತ್ತದೆ. ಆದರೂ ಮೀಟಿಂಗ್ ಮಧ್ಯೆ ವಿಡಿಯೊ ನಿಂತುಬಿಡುತ್ತದೆ. ತುಂಬಾ ಜನ ಆಗ ಸಿಗ್ನಲ್ ದೂರಕ್ಕೆ ತಲುಪಿಸುವ ಎಕ್ಸ್‌ಟೆಂಡರ್ ಕೊಳ್ಳಲು ಹೊರಡುತ್ತಾರೆ. ಸ್ವಲ್ಪ ತಾಳಿ. ಆ ಗುರುತು ಹೇಳುವುದು ರೂಟರ್‌ನ ಸಿಗ್ನಲ್ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಬರುತ್ತಿದೆ ಎಂಬುದನ್ನು ಮಾತ್ರ. ರೂಟರ್‌ನಿಂದ ಆಚೆಗೆ ನೆಟ್ ಇದೆಯಾ, ಸುತ್ತ ಎಷ್ಟು ಗದ್ದಲವಿದೆ ಅನ್ನೋದನ್ನು ಅದು ತೋರಿಸುವುದಿಲ್ಲ.

ಮೊದಲು, ಎಲ್ಲಿ ಕಡಿಯುತ್ತಿದೆ ನೋಡಿ

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆಯಿರಿ. ಎರಡರಲ್ಲೂ ping ಎಂದು ಬರೆದು, ಜಾಗ ಬಿಟ್ಟು ಒಂದು ವಿಳಾಸ ಕೊಡಿ; ಆ ವಿಳಾಸದಿಂದ ಉತ್ತರ ಬರುತ್ತಿದೆಯಾ ಎಂದು ನೋಡುವ ಪರೀಕ್ಷೆಯೇ ಪಿಂಗ್. ಒಂದಕ್ಕೆ ರೂಟರ್‌ನ ವಿಳಾಸ, ಇನ್ನೊಂದಕ್ಕೆ ಗೂಗಲ್‌ನ 8.8.8.8. ಕೊನೆಗೆ ಜಾಗ ಬಿಟ್ಟು ಹೈಫನ್ ಮತ್ತು ಟಿ ಅಕ್ಷರ ಸೇರಿಸಿದರೆ ಪಿಂಗ್ ನಿಲ್ಲದೆ ಓಡುತ್ತಿರುತ್ತದೆ. ರೂಟರ್‌ನ ವಿಳಾಸ ಅದರ ಅಡಿಯ ಸ್ಟಿಕರ್ ಮೇಲಿರುತ್ತದೆ, ಸಾಮಾನ್ಯವಾಗಿ 192.168.1.1.

ನೆಟ್ ಹೋದ ಕ್ಷಣ ಎರಡನ್ನೂ ನೋಡಿ. 8.8.8.8 ಮಾತ್ರ ‘ಟೈಮ್ಡ್ ಔಟ್’ (ಉತ್ತರ ಬರಲಿಲ್ಲ) ಎಂದರೆ ತೊಂದರೆ ಹೊರಗಿನ ಲೈನಿನದು. ಎರಡೂ ನಿಂತರೆ ನಿಮ್ಮ ವೈಫೈನದು, ಇಲ್ಲವೇ ರೂಟರ್‌ನದೇ. ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ, ಇದನ್ನು ಬಿಡಬೇಡಿ.

ಹೊರಗಿನ ಲೈನಾದರೆ

ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ (LOS) ದೀಪ ಕೆಂಪಗಾದರೆ ಕೇಬಲ್‌ನಲ್ಲಿ ನೆಟ್ ಹೊತ್ತು ತರುವ ಬೆಳಕು ಬರುತ್ತಿಲ್ಲ ಎಂದರ್ಥ. ಶೋಕೇಸ್ ಹಿಂದೆ ಕೇಬಲ್ ಮಡಚಿಕೊಂಡಿದೆಯಾ ನೋಡಿ. ಅದರ ತುದಿ ಬಿಚ್ಚಿ ಕಣ್ಣಿಟ್ಟು ನೋಡಬೇಡಿ, ಒಳಗಿರುವುದು ಕಣ್ಣಿಗೆ ಕಾಣದ ಲೇಸರ್. ಕಡಿದ ಸಮಯ ಬರೆದಿಟ್ಟು, ಪಿಂಗ್ ಸ್ಕ್ರೀನ್‌ಶಾಟ್ ಜೊತೆ ದೂರು ಕೊಡಿ. ‘ಆಫ್ ಮಾಡಿ ಆನ್ ಮಾಡಿ’ ಎಂಬ ಮಂತ್ರದಿಂದಾಚೆಗೆ ಮಾತು ಬೆಳೆಯುವುದು ಆಗಲೇ.

ವೈಫೈನದಾದರೆ

ಅಪಾರ್ಟ್‌ಮೆಂಟ್‌ಗಳಲ್ಲಿ ಇದೇ ಜಾಸ್ತಿ. ವೈಫೈ ಬಳಸುವ ರೇಡಿಯೊ ಬ್ಯಾಂಡ್‌ಗಳಲ್ಲಿ ಒಂದು 2.4 ಗಿಗಾಹರ್ಟ್ಸ್. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು, ಅಂದರೆ ಸಿಗ್ನಲ್ ಓಡುವ ದಾರಿಗಳು, ಮೂರೇ: 1, 6 ಮತ್ತು 11. ಅಕ್ಕಪಕ್ಕದ ಮನೆ, ಮೇಲಿನ ಮಹಡಿ, ಕೆಳಗಿನ ಮಹಡಿ ಎಲ್ಲವೂ ಅದರಲ್ಲೇ ಹಂಚಿಕೊಳ್ಳಬೇಕು. ಸಾಲದ್ದಕ್ಕೆ ಬ್ಲೂಟೂತ್ ಕೂಡ ಅಲ್ಲೇ. ಅಡುಗೆಮನೆಯ ಮೈಕ್ರೋವೇವ್ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್ ಹತ್ತಿರವೇ. ಅನ್ನ ಬಿಸಿ ಮಾಡುವಾಗಲೇ ಕಾಲ್ ಕಡಿಯುತ್ತದೆ ಎಂದರೆ ಸುಮ್ನೆ ಕಾಕತಾಳೀಯ ಅಲ್ಲ.

ವೈಫೈ ಅನಲೈಜರ್ ಆ್ಯಪ್ ಹಾಕಿ, ಮೂರರಲ್ಲಿ ಯಾವುದು ಖಾಲಿಯಿದೆ ನೋಡಿ. ರೂಟರ್ ಸೆಟ್ಟಿಂಗ್‌ನಲ್ಲಿ ಅದನ್ನೇ ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಒಂದೆರಡು ದಿನ ಸರಿಹೋಗುವ ಗುಟ್ಟು ಇಲ್ಲೇ ಇರಬಹುದು. ‘ಆಟೊ’ದಲ್ಲಿದ್ದರೆ ಶುರುವಾಗುವಾಗ ಅದು ಹೊಸದಾಗಿ ಚಾನೆಲ್ ಹುಡುಕಿಕೊಳ್ಳುತ್ತದೆ.

ಇನ್ನೂ ಒಳ್ಳೆಯ ದಾರಿ 5 ಗಿಗಾಹರ್ಟ್ಸ್ ಬ್ಯಾಂಡ್. ಅಲ್ಲಿ 36, 40, 44 ಅಥವಾ 48 ಆರಿಸಿ. 52ರಿಂದ 144ರವರೆಗಿನವು ಹಲವು ದೇಶಗಳಲ್ಲಿ ರೇಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ರೇಡಾರ್ ಸುಳಿವು ಸಿಕ್ಕರೆ ರೂಟರ್ ಆ ಚಾನೆಲ್ ಬಿಟ್ಟು ಓಡುತ್ತದೆ, ನಿಮ್ಮ ಕಾಲ್ ಅಷ್ಟಕ್ಕೇ ಬಿತ್ತು. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ಫೋನು ಅಲ್ಲಿಂದಿಲ್ಲಿಗೆ ಹಾರುವಾಗಲೂ ಕಡಿಯಬಹುದು. ಬೇರೆ ಬೇರೆ ಹೆಸರಿಟ್ಟು ನೋಡಿ.

ದೀಪಗಳೆಲ್ಲ ಆರಿ ಹೊತ್ತಿದರೆ

ರೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ಅದಕ್ಕೆ ಕರೆಂಟ್ ಕೊಡುವ ಅಡಾಪ್ಟರ್ ಸೊರಗಿರಬಹುದು. ಬದಲಿಸುವಾಗ ವೋಲ್ಟ್ ಮತ್ತು ಪಿನ್ ಹಳೆಯದರದ್ದೇ ಇರಲಿ, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ. ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾಗುವ ಹೊತ್ತಿನಲ್ಲೇ ಹೀಗಾಗುತ್ತಿದ್ದರೆ ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಹಾಕಿ. ಟಿವಿ ಮೇಲಿನ ಗಾಳಿಯಾಡದ ಮೂಲೆಯಿಂದ ರೂಟರನ್ನು ಹೊರಗೂ ತನ್ನಿ.

ಒಂದೇ ಲ್ಯಾಪ್‌ಟಾಪ್‌ನಲ್ಲಿ ತೊಂದರೆ ಇದ್ದರೆ ರೂಟರ್ ಮುಟ್ಟಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ಹುಡುಕಿ. ಅದರ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ, ವಿದ್ಯುತ್ ಉಳಿಸಲು ಅಡಾಪ್ಟರ್ ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಆಮೇಲೂ ಕಡಿದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಹೊಸ ಡ್ರೈವರ್ (ಆ ಅಡಾಪ್ಟರ್ ನಡೆಸುವ ತಂತ್ರಾಂಶ) ಹಾಕಿಕೊಳ್ಳಿ.